ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ಯಾವ ಮಾರ್ಗ, ಎಷ್ಟು ಗಂಟೆ?

ಫೋನ್ ತೆಗೆದು ‘ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ’ ಅಂತ ಹುಡುಕಿ ನೋಡಿ. ತಕ್ಷಣ ಉತ್ತರ ಬರುತ್ತೆ: ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ 40,000 ಕಿ.ಮೀ. ಚಿಲ್ಲರೆ. ಅಂದರೆ ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಭೂಮಿಯ ಮೇಲೆ ಯಾವ ಎರಡು ಊರು ತೆಗೆದುಕೊಂಡರೂ ನಡುವಿನ ದೂರ 20,000 ಕಿ.ಮೀ. ಆಸುಪಾಸಿಗಿಂತ ಹೆಚ್ಚಾಗಲ್ಲ. ಆ ಲೆಕ್ಕದಲ್ಲಿ ನನ್ನ ತವರಿಗೂ ನಾನಿರುವ ಊರಿಗೂ ಇರುವ ಅಂತರ ಸಣ್ಣದೇನಲ್ಲ.

ನಾನು ಹಾಸನದವಳು. ಒಂಬತ್ತು ವರ್ಷದಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಿಂದ ನಮ್ಮ ಮನೆಗೆ ಮುಕ್ಕಾಲು ಗಂಟೆಯ ದಾರಿ. ಇಷ್ಟು ವರ್ಷದಲ್ಲಿ ಏಳು ಸಲ ಊರಿಗೆ ಹೋಗಿ ಬಂದಿದ್ದೇನೆ. ಟಿಕೆಟ್ ರೇಟು ಗೊತ್ತಿತ್ತು, ಎಷ್ಟು ಕೆ.ಜಿ. ಲಗೇಜು ಬಿಡ್ತಾರೆ ಅನ್ನೋದು ಬಾಯಿಪಾಠವಾಗಿತ್ತು. ವಿಮಾನ ಯಾವ ದೇಶದ ಮೇಲೆ ಹಾರುತ್ತೆ ಅಂತ ಮಾತ್ರ ಒಂದು ಸಲವೂ ನೋಡಿರಲಿಲ್ಲ. ಅದನ್ನು ಕೇಳಿದವರು ಅಪ್ಪ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಡ್ರೈವರ್ ಆಗಿದ್ದವರು. ಹಾಸನ–ಬೆಂಗಳೂರು, ಹಾಸನ–ಮಂಗಳೂರು ಎರಡೂ ಓಡಿಸಿದ್ದಾರೆ. ಈಗ 71 ವರ್ಷ. ಅಮ್ಮ ಹೋದಮೇಲೆ ಹಾಸನದ ಮನೆಯಲ್ಲಿ ಒಬ್ಬರೇ ಇದ್ದಾರೆ. ಕಳೆದ ವರ್ಷ ‘ಬೇಸಿಗೆಗೆ ಇಲ್ಲಿಗೆ ಬನ್ನಿ ಅಪ್ಪ, ಮೂರು ತಿಂಗಳು ಇದ್ದು ಹೋಗಿ’ ಅಂದೆ. ಬರ್ತೀನಿ ಅಂತಲೂ ಹೇಳಲಿಲ್ಲ, ಬರಲ್ಲ ಅಂತಲೂ ಹೇಳಲಿಲ್ಲ.

“ಯಾವ ಮಾರ್ಗ?” ಅಂದ್ರು.

ಬಸ್ಸಿನ ಬೋರ್ಡು ನೆನಪಿದೆಯಲ್ಲ? ಹಾಸನ – ಬೆಂಗಳೂರು, ಕೆಳಗೆ ಸಣ್ಣ ಅಕ್ಷರದಲ್ಲಿ ಮಾರ್ಗ: ಚನ್ನರಾಯಪಟ್ಟಣ, ಕುಣಿಗಲ್. ಆ ಕೆಳಗಿನ ಸಾಲಿಲ್ಲದೆ ಅಪ್ಪನಿಗೆ ಯಾವ ಊರೂ ದೂರವೂ ಅಲ್ಲ, ಹತ್ತಿರವೂ ಅಲ್ಲ. ಅವರ ಮುಂದಿನ ಪ್ರಶ್ನೆ ಎಷ್ಟು ಕಿಲೋಮೀಟರ್ ಅನ್ನೋದು, ಅದಾದ ಮೇಲೆ ಎಷ್ಟು ಗಂಟೆ ಅನ್ನೋದು. ಹದಿನಾಲ್ಕು ಸಾವಿರ ಅಂದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮನಸ್ಸಲ್ಲೇ ಲೆಕ್ಕ ಹಾಕ್ತಿದ್ರು.

“ಹಾಸನ–ಬೆಂಗಳೂರು ದಿನಾ ಹೋಗಿ ಬಂದ್ರೆ ಮೂವತ್ತೆಂಟು ದಿನದ ಡ್ಯೂಟಿ ಕಣಮ್ಮ ಅದು,” ಅಂದ್ರು.

ದಾರ ಹಿಡಿದು ಅಳೆದರೆ

ಈ 14,000 ಎಲ್ಲಿಂದ ಬಂತು ಅಂತ ತಿಳಿಯಲು ಒಂದು ಗ್ಲೋಬು, ಒಂದು ಗೇಣು ದಾರ ಸಾಕು. ಮಗನ ಮೇಜಿನ ಮೇಲಿದ್ದ ಗ್ಲೋಬನ್ನು ವಿಡಿಯೊ ಕಾಲ್ ಮುಂದೆ ಇಟ್ಟುಕೊಂಡೆ. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆದೆ. ಬಿಗಿ ಮಾಡಿದಂತೆ ದಾರ ತಾನಾಗಿಯೇ ಮೇಲೆ, ಉತ್ತರಕ್ಕೆ ಜಾರಿತು. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದಾರಿ ಅದೇ.

ಶಾಲೆಯ ಗೋಡೆ ಮೇಲಿನ ನಕ್ಷೆ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತೆ. ಆ ನಕ್ಷೆಯಲ್ಲಿ ಅಮೆರಿಕ ಎಡಗಡೆ ಕೊನೆಯಲ್ಲಿ, ನಾವು ಬಲಗಡೆ. ಹಾಗಾಗಿ ಪಶ್ಚಿಮಕ್ಕೆ ಹೋಗಿ, ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಗೋಳವನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಧ್ರುವದ ಹತ್ತಿರದ ಜಾಗಗಳೆಲ್ಲ ಹಿಗ್ಗಿಹೋಗುತ್ತವೆ. ಅದಕ್ಕೇ ನೇರ ದಾರಿಯೂ ನಕ್ಷೆಯಲ್ಲಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತೆ.

ದಾರ ಹೋದ ಮಾರ್ಗವನ್ನು ಅಪ್ಪನಿಗೆ ಓದಿ ಹೇಳಿದೆ: ಬೆಂಗಳೂರಿಂದ ಈಶಾನ್ಯಕ್ಕೆ ಹೊರಟು ಛತ್ತೀಸ್‌ಗಢ, ಉತ್ತರ ಪ್ರದೇಶ, ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯ, ಸೈಬೀರಿಯ. ಅಲ್ಲಿಂದ ಆರ್ಕ್‌ಟಿಕ್ ಸಮುದ್ರದ ಅಂಚು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ. ಆಮೇಲೆ ಅಲಾಸ್ಕಾದ ಮೇಲೆ ಇಳಿದು, ಶಾಂತಸಾಗರದ ದಡದುದ್ದಕ್ಕೂ ಸ್ಯಾನ್ ಫ್ರಾನ್ಸಿಸ್ಕೊ.

ಅಪ್ಪ ಡೈರಿಯಲ್ಲಿ ಬರೆದುಕೊಂಡ್ರು. ಬರೆದು ಮುಗಿಸಿ, “ಈ ರೋಡಲ್ಲಿ ಬಸ್ ಓಡುತ್ತಾ?” ಅಂತ ಕೇಳಿದ್ರು.

ಓಡಲ್ಲ. ಹೆಚ್ಚುಕಮ್ಮಿ ಯಾವ ವಿಮಾನವೂ ಆ ದಾರದ ಗೆರೆಯ ಮೇಲೇ ಹೋಗುವುದಿಲ್ಲ.

ಆಕಾಶದಲ್ಲೂ ಘಾಟಿ ಇದೆ

ಹಾಸನದಿಂದ ಮಂಗಳೂರಿಗೆ ಹೋದವರಿಗೆ ಶಿರಾಡಿ ಘಾಟಿ ಗೊತ್ತು. ದಾರಿ ಅದೇ ಹತ್ತಿರ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿದರೆ ಚಾರ್ಮಾಡಿ ಮೇಲೋ ಮಡಿಕೇರಿ ಮೇಲೋ ಸುತ್ತಿಕೊಂಡು ಹೋಗಬೇಕು. ವಿಮಾನಕ್ಕೂ ಇಂಥ ಶಿರಾಡಿಗಳಿವೆ.

ಮೊದಲನೆಯದು ಟಿಬೆಟ್. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಪೈಲಟ್ ತಕ್ಷಣ 3,000 ಮೀಟರ್ ಹತ್ತಿರಕ್ಕೆ ಇಳಿಸಬೇಕು, ಪ್ರಯಾಣಿಕರು ಮಾಸ್ಕ್ ಇಲ್ಲದೆ ಉಸಿರಾಡಬಹುದಾದ ಎತ್ತರ ಅದು. ನೆಲವೇ ಅದಕ್ಕಿಂತ ಎತ್ತರದಲ್ಲಿದ್ದರೆ ಇಳಿಯುವುದೆಲ್ಲಿಗೆ? ತಲೆ ಮೇಲಿಂದ ಬೀಳುವ ಹಳದಿ ಮಾಸ್ಕಿನ ಆಕ್ಸಿಜನ್ ಕೆಲವೇ ನಿಮಿಷಗಳಿಗೆ ಆಗುವಷ್ಟಿರುತ್ತದೆ. ಅದಕ್ಕೇ ಬಹುತೇಕ ವಿಮಾನಗಳು ಟಿಬೆಟ್ಟನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಗಾಳಿ. ಒಂಬತ್ತು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಅನ್ನೋ ಗಾಳಿಹೊಳೆಯಿದೆ. ಕೆಲವು ಸಲ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುತ್ತೆ. ಬೆನ್ನ ಹಿಂದೆ ಬಂದರೆ ತಳ್ಳುತ್ತೆ, ಎದುರು ಬಂದರೆ ತಡೆಯುತ್ತೆ.

ಇದಕ್ಕೊಂದು ಒಳ್ಳೆಯ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ. ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಪೂರ್ವಕ್ಕೆ ತಿರುಗಿ ಶಾಂತಸಾಗರದ ಮೇಲೆ ಹೋಯಿತು. ದೂರ 15,300 ಕಿ.ಮೀ. ಆಯಿತು, 1,400 ಕಿ.ಮೀ. ಜಾಸ್ತಿ. ಆದರೆ ಬೆನ್ನ ಹಿಂದಿನ ಗಾಳಿಯಿಂದಾಗಿ ಹದಿನಾಲ್ಕೂವರೆ ಗಂಟೆಗೆ ತಲುಪಿತು, ಹಳೆಯ ಮಾರ್ಗಕ್ಕಿಂತ ಸುಮಾರು ಎರಡು ಗಂಟೆ ಮೊದಲು. ದೂರ ಹೆಚ್ಚು, ಹೊತ್ತು ಕಡಿಮೆ.

ಅಪ್ಪನಿಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. “ಒಳದಾರಿ ಹತ್ತಿರ ಅಂತ ನುಗ್ಗಿದವನು ಲೇಟಾಗೇ ಬರೋದು. ಹೈವೇ ಸುತ್ತಾದ್ರೂ ಹೈವೇನೇ,” ಅಂದ್ರು.

ಮೂರನೆಯದು ದೇಶಗಳ ಗೇಟು. ಪ್ರತಿ ದೇಶದ ಆಕಾಶಕ್ಕೂ ಅನುಮತಿ ಬೇಕು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರಿಂದ, ಅಮೆರಿಕದ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್ ಆಯಿತು. ನಮ್ಮ ದೇಶದ ವಿಮಾನಗಳಿಗೆ ಆಗ ಅಡ್ಡಿ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಒಂದು ಗೇಟು ಮುಚ್ಚಿದರೆ ನೂರಾರು ಕಿ.ಮೀ. ಸುತ್ತು, ಅದಕ್ಕೆ ತಕ್ಕ ಇಂಧನ, ಅದಕ್ಕೆ ತಕ್ಕ ಟಿಕೆಟ್ ರೇಟು.

ನಾಲ್ಕನೆಯದು ಕೆಟ್ಟು ನಿಂತರೆ ಇಳಿಯಲು ಜಾಗ. ಎರಡು ಎಂಜಿನ್‌ಗಳ ವಿಮಾನ ತನ್ನ ದಾರಿಯುದ್ದಕ್ಕೂ ನಿಗದಿತ ಸಮಯದೊಳಗೆ ತಲುಪಬಹುದಾದ ಒಂದು ನಿಲ್ದಾಣವನ್ನು ಗುರುತಿಸಿಕೊಂಡೇ ಹಾರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಬದಲಿ ವಿಮಾನ ಬಂದು ಅವರನ್ನು ಕರೆದುಕೊಂಡು ಹೋಗುವವರೆಗೆ ಅಲ್ಲೇ ಇರಬೇಕಾಯಿತು. ಸುದ್ದಿ ಬಂದಾಗ ನನ್ನಂಥ ಎಷ್ಟೋ ಜನ ನಕ್ಷೆಯಲ್ಲಿ ಮಗದಾನ್ ಎಲ್ಲಿದೆ ಅಂತ ಮೊದಲ ಸಲ ಹುಡುಕಿದೆವು.

ಧ್ರುವದ ಮೇಲಿನ ದಾರಿ

ಬೆಂಗಳೂರಿಗೂ ಅಮೆರಿಕದ ಪಶ್ಚಿಮ ಕರಾವಳಿಗೂ ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಿಂದ 9ರಂದು ರಾತ್ರಿ ಹೊರಟ ಏರ್ ಇಂಡಿಯಾ ಬೋಯಿಂಗ್ 777 ಉತ್ತರ ಧ್ರುವದ ಮೇಲೆ ಹಾದು 11ರ ಬೆಳಗಿನ ಜಾವ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವ. ಕಾಕ್‌ಪಿಟ್‌ನಲ್ಲಿದ್ದ ನಾಲ್ಕೂ ಪೈಲಟ್‌ಗಳು ಹೆಣ್ಣುಮಕ್ಕಳು. ನಮ್ಮ ದಾರ 71 ಡಿಗ್ರಿಗೆ ತಿರುಗಿತ್ತು, ಆ ವಿಮಾನ ಅದಕ್ಕಿಂತ ಇನ್ನೂ ಮೇಲೆ ಹೋಗಿತ್ತು.

ಧ್ರುವದ ಕಡೆ ಹೋಗುವ ವಿಮಾನಕ್ಕೆ ತಯಾರಿ ಬೇರೆಯೇ ಬೇಕು. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ, ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಮೈನಸ್ 40ಕ್ಕೇ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಹಾಗಾಗಿ ಟ್ಯಾಂಕಿನ ಉಷ್ಣತೆಯ ಮೇಲೆ ಪೈಲಟ್‌ಗಳು ಉದ್ದಕ್ಕೂ ಕಣ್ಣಿಟ್ಟಿರುತ್ತಾರೆ. ದಾರಿಯಲ್ಲಿ ಇಳಿಯಬೇಕಾಗಿ ಬಂದರೆ ಹೊರಗೆ ಹೋಗಿ ನಿಲ್ಲಲು ಭಾರೀ ಚಳಿಯ ಉಡುಪನ್ನೂ ವಿಮಾನದಲ್ಲಿ ಇಟ್ಟುಕೊಂಡಿರುತ್ತಾರೆ.

ನಾಲ್ಕು ಪೈಲಟ್‌ಗಳು ಅಂದಾಗ ಅಪ್ಪನಿಗೆ ಸಮಾಧಾನವಾಯಿತು. “ಡಬಲ್ ಡ್ರೈವರ್ ಹಾಕವ್ರೆ. ಸರಿ ಹಂಗಾದ್ರೆ.”

ಆ ಪ್ರಯಾಣದಲ್ಲಿ ಇನ್ನೊಂದು ತಮಾಷೆ ಗಮನಿಸಿ. 9 ಶನಿವಾರ, 11 ಸೋಮವಾರ. ಪ್ರಯಾಣಿಕರ ಭಾನುವಾರದಲ್ಲಿ ಬಹುಪಾಲು ಆಕಾಶದಲ್ಲೇ ಕರಗಿಹೋಯಿತು. ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಬರುವಾಗ ಕಳೆದುಕೊಂಡಿದ್ದು ಹೋಗುವಾಗ ವಾಪಸ್ ಸಿಗುತ್ತೆ: ಬೇಸಿಗೆಯಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 17 ಗಂಟೆ ಹಾರಿದರೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೂ ಸೋಮವಾರ ಸಂಜೆ ಆರೂವರೆ. ಗಡಿಯಾರ ನಂಬಿದರೆ ನಾಲ್ಕೂವರೆ ಗಂಟೆಯ ಪ್ರಯಾಣ! ಬರೀ ಗಡಿಯಾರ ನೋಡಿ ದೂರ ಅಳೆಯಬಾರದು ಅನ್ನೋದಕ್ಕೆ ಇಷ್ಟು ಸಾಕು.

ಊಟದ ಹೋಟೆಲ್ ಎಲ್ಲಿರಬೇಕು?

ನೇರ ವಿಮಾನದ ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ. ಟಿಕೆಟ್ ತೆಗೆಯುವ ದಿನ ಏನಿದೆ ಅಂತ ನೋಡಿಕೊಳ್ಳಬೇಕು. ಇಲ್ಲವಾದರೆ ಒಂದು ಕಡೆ ಇಳಿದು ಹತ್ತಬೇಕು. ನಮ್ಮವರು ಸಾಮಾನ್ಯವಾಗಿ ಹಿಡಿಯುವ ಮೂರು ಮಾರ್ಗಗಳ ದೂರವನ್ನು ಅಪ್ಪನಿಗಾಗಿ ಕೂಡಿಸಿದೆ. ಇವೆಲ್ಲ ದಾರದ ಲೆಕ್ಕ, ನಿಜವಾಗಿ ಹಾರುವುದು ಸ್ವಲ್ಪ ಹೆಚ್ಚೇ.

ದುಬೈ ಮೇಲೆ: 2,700 ಮತ್ತು 13,000. ಒಟ್ಟು ಸುಮಾರು 15,700 ಕಿ.ಮೀ.

ಫ್ರಾಂಕ್‌ಫರ್ಟ್ ಮೇಲೆ: 7,400 ಮತ್ತು 9,150. ಒಟ್ಟು ಸುಮಾರು 16,550 ಕಿ.ಮೀ.

ಸಿಂಗಪುರದ ಮೇಲೆ: 3,170 ಮತ್ತು 13,590. ಒಟ್ಟು ಸುಮಾರು 16,760 ಕಿ.ಮೀ.

ನಾನು ದುಬೈ ಅಂದೆ, ಮೂರರಲ್ಲಿ ಅದೇ ಹತ್ತಿರ. ಅಪ್ಪ ಒಪ್ಪಲಿಲ್ಲ. “ಹೊರಟು ಅರ್ಧ ಗಂಟೆಗೇ ಊಟಕ್ಕೆ ನಿಲ್ಲಿಸಿ, ಆಮೇಲೆ ರಾತ್ರಿಯೆಲ್ಲಾ ಎಲ್ಲೂ ನಿಲ್ಲಿಸ್ದೆ ಓಡಿಸಿದ್ರೆ ಪ್ಯಾಸೆಂಜರು ಬೈಯಲ್ವಾ? ಹೋಟ್ಲು ಮಧ್ಯದಲ್ಲಿರಬೇಕು.”

ಫ್ರಾಂಕ್‌ಫರ್ಟ್ ಹೆಚ್ಚುಕಮ್ಮಿ ಮಧ್ಯದಲ್ಲಿದೆ. ಅಲ್ಲಿಗೆ ಸುಮಾರು ಹತ್ತು ಗಂಟೆ, ಅಲ್ಲಿಂದ ಹನ್ನೊಂದು ಗಂಟೆ. ದುಬೈ ದಾರಿಯಲ್ಲಿ ಎರಡನೇ ಹಾರಾಟ ಒಂದೇ ಹದಿನಾರು ಗಂಟೆಯ ಆಸುಪಾಸು. 71 ವರ್ಷದ ಕಾಲುಗಳಿಗೆ ಈ ವ್ಯತ್ಯಾಸ ದೊಡ್ಡದು. ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತೆ ಅನ್ನೋದು ವೈದ್ಯರ ಮಾತು. ವಯಸ್ಸಾದವರಿಗೆ ಇನ್ನೂ ಹೆಚ್ಚು. ಆಗಾಗ ಎದ್ದು ಓಡಾಡಬೇಕು, ನೀರು ಕುಡಿಯಬೇಕು, ಕೂತಲ್ಲೇ ಪಾದ ಆಡಿಸುತ್ತಿರಬೇಕು. ಕಿಲೋಮೀಟರ್ ಉಳಿಸಲು ಹೋಗಿ ಕಾಲು ಕಳೆದುಕೊಳ್ಳುವ ವ್ಯಾಪಾರ ಬೇಡ ಅಂತ ಫ್ರಾಂಕ್‌ಫರ್ಟ್ ಟಿಕೆಟ್ಟೇ ತೆಗೆದೆ. ವೀಲ್‌ಚೇರ್ ಸಹಾಯವನ್ನೂ ಬರೆಸಿದೆ. ‘ನಾನೇನು ಕುಂಟನಾ?’ ಅಂದ್ರು. ದೊಡ್ಡ ನಿಲ್ದಾಣದಲ್ಲಿ ದಾರಿ ತೋರಿಸೋಕೆ ಒಬ್ಬ ಕ್ಲೀನರ್ ಇದ್ದ ಹಾಗೆ ಅಂದಮೇಲೆ ಸುಮ್ಮನಾದ್ರು.

ಅಪ್ಪ ಕೇಳಿದ ಇನ್ನೊಂದು ದೂರ

ಟಿಕೆಟ್ ಆದ ದಿನ ರಾತ್ರಿ ಅಪ್ಪ ಮತ್ತೆ ಫೋನ್ ಮಾಡಿದ್ರು.

“ಇದು ನಾನು ಬರೋ ಲೆಕ್ಕ ಆಯ್ತು. ನನಗೇನಾದ್ರೂ ಆದ್ರೆ ನೀನು ಬರೋಕೆ ಎಷ್ಟು ಹೊತ್ತು ಬೇಕು?”

ಧ್ವನಿಯಲ್ಲಿ ಅಳುಕಿರಲಿಲ್ಲ. ಡಿಪೋದಲ್ಲಿ ಶೆಡ್ಯೂಲ್ ಕೇಳಿದ ಹಾಗೇ ಕೇಳಿದ್ರು. ‘ಹಂಗೆಲ್ಲ ಮಾತಾಡಬೇಡಿ ಅಪ್ಪ’ ಅಂತ ಹೇಳುವುದು ಸುಲಭವಿತ್ತು. ವಿದೇಶದಲ್ಲಿರುವ ನಾವೆಲ್ಲ ಹಾಗೇ ಹೇಳಿ ಮಾತು ತಿರುಗಿಸ್ತೀವಿ. ಆದರೆ ಅವರಿಗೆ ಬೇಕಾಗಿದ್ದು ಸಮಾಧಾನ ಅಲ್ಲ, ಲೆಕ್ಕ. ಪೆನ್ನು ತೆಗೆದುಕೊಂಡೆ.

ಟಿಕೆಟ್ ಹುಡುಕಿ, ಆಫೀಸಿಗೆ ತಿಳಿಸಿ, ಬ್ಯಾಗು ತುಂಬೋಕೆ 3 ಗಂಟೆ. ಮನೆಯಿಂದ ವಿಮಾನ ನಿಲ್ದಾಣಕ್ಕೆ, ಟ್ರಾಫಿಕ್ ಸೇರಿ, 1 ಗಂಟೆ. ನಿಲ್ದಾಣದಲ್ಲಿ 3. ಒಂದು ಕಡೆ ಇಳಿದು ಹತ್ತುವುದೂ ಸೇರಿ ಪ್ರಯಾಣ 24. ಬೆಂಗಳೂರಲ್ಲಿ ಇಮಿಗ್ರೇಶನ್ ಮುಗಿಸಿ ಹೊರಗೆ ಬರಲು 1. ದೇವನಹಳ್ಳಿಯಿಂದ ನೆಲಮಂಗಲ, ಕುಣಿಗಲ್ ಮೇಲೆ ಹಾಸನಕ್ಕೆ 4.

“36 ಗಂಟೆ ಅಪ್ಪ. ಎಲ್ಲಾ ಸರಿಯಾಗಿದ್ರೆ.”

ಈ ಲೆಕ್ಕದಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಹಾಕಿದ 36 ಗಂಟೆಯಲ್ಲಿ ವಿಮಾನ ಗಾಳಿಯಲ್ಲಿರುವುದು 21 ಗಂಟೆ. ಉಳಿದ 15 ನೆಲದ ಮೇಲಿನ ಹೊತ್ತು. ನೇರ ವಿಮಾನ ಸಿಕ್ಕರೆ ಏಳು ಗಂಟೆ ಉಳಿಯಬಹುದು, ಆದರೆ ಅದು ಹೊರಡುವ ಹೊತ್ತಿಗೆ ನಾವು ಕಾಯಬೇಕಾದರೆ ಆ ಏಳು ಗಂಟೆಯೂ ಹೋಯಿತು.

ನನ್ನಂಥ ಎಚ್-1ಬಿ ವೀಸಾದವರಿಗೆ ಇನ್ನೊಂದು ದೂರವೂ ಇದೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದ್ದರೂ, ಬೇರೆ ಕಾಗದಪತ್ರ ಸರಿಯಿದ್ದರೆ ಅಮೆರಿಕದಲ್ಲಿ ಕೆಲಸ ಮಾಡುತ್ತಾ ಇರಬಹುದು. ಊರಿಗೂ ಹೋಗಬಹುದು. ವಾಪಸ್ ಬರಲು ಮಾತ್ರ ಹೊಸ ಸ್ಟ್ಯಾಂಪ್ ಬೇಕು, ಅದಕ್ಕೆ ಕಾನ್ಸುಲೇಟಿನ ದಿನಾಂಕ ಸಿಗಬೇಕು. ಕೆಲಸ, ಮಗುವಿನ ಸ್ಕೂಲು, ಮನೆ ಸಾಲ ಎಲ್ಲಾ ಇಲ್ಲಿ ಬಿಟ್ಟು ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡರೆ? ಈ ಭಯಕ್ಕೆ ಹೆತ್ತವರ ಕೊನೆಯ ದರ್ಶನಕ್ಕೂ ಹೊರಡಲಾರದೆ ಉಳಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಪಾಲಿಗೆ ಆ 14,000 ಕಿ.ಮೀ.ಗಿಂತ ಪಾಸ್‌ಪೋರ್ಟಿನ ಒಂದು ಪುಟ ದೂರ.

ಹಿಂದೆ ಬರೋ ಬಸ್ಸು

36 ಗಂಟೆ ಅಂದಾಗ ಅಪ್ಪ ಹೇಳಿದ್ದು ಇದು:

“ಸರಿ, ಒಂದೂವರೆ ದಿನ. ನೋಡಮ್ಮ, ದಾರೀಲಿ ಬಸ್ ಕೆಟ್ಟು ನಿಂತ್ರೆ ಡಿಪೋ ಗಾಡಿ ಬರೋದು ಆಮೇಲೆ. ಮೊದ್ಲು ಬರೋದು ಹಿಂದೆ ಬರೋ ಬಸ್ಸು. ಪ್ಯಾಸೆಂಜರ್‌ನ ಅದಕ್ಕೆ ಹತ್ತಿಸಿಬಿಟ್ರೆ ಅರ್ಧ ಕೆಲಸ ಮುಗೀತು. ನೀನು ಡಿಪೋ ಗಾಡಿ. ನನಗೆ ಹಿಂದೆ ಬರೋ ಬಸ್ಸು ಯಾವುದು ಅಂತ ಗೊತ್ತು ಮಾಡು.”

ಅವತ್ತಿಂದ ಒಂದು ವಾರ ನಾವಿಬ್ಬರೂ ಫೋನಲ್ಲಿ ಕೂತು ಆ 36 ಗಂಟೆಗೆ ಒಂದು ಶೆಡ್ಯೂಲ್ ಮಾಡಿದೆವು. ಮನೆಯ ಇನ್ನೊಂದು ಬೀಗದ ಕೈ ಎದುರುಮನೆಯವರ ಹತ್ತಿರ. ಅವರು ಬೆಳಿಗ್ಗೆ ಹಾಲಿನ ಹೊತ್ತಿಗೆ ಬಾಗಿಲು ತೆರೆದಿದೆಯೇ ಅಂತ ನೋಡುತ್ತಾರೆ. ಆಸ್ಪತ್ರೆಯಲ್ಲಿ ಸಹಿ ಹಾಕಲು ಚಿಕ್ಕಪ್ಪನ ಮಗ. ಅವನ ಮನೆ ಎರಡು ಕಿ.ಮೀ. ದೂರದಲ್ಲಿದೆ, ಅಪ್ಪನ ಒಂದು ಬ್ಯಾಂಕ್ ಖಾತೆಗೆ ಅವನ ಹೆಸರನ್ನೂ ಜಂಟಿಯಾಗಿ ಸೇರಿಸಿದೆವು. ಬಿ.ಪಿ. ಮಾತ್ರೆಗಳ ಪಟ್ಟಿ, ಹಳೆಯ ಇಸಿಜಿ, ವಿಮೆಯ ಕಾರ್ಡು, ಆಧಾರ್ ನಕಲು ಎಲ್ಲಾ ಒಂದೇ ಕೆಂಪು ಫೈಲಿನಲ್ಲಿ, ಫ್ರಿಜ್ ಮೇಲೆ. ಗೋಡೆ ಮೇಲೆ ದಪ್ಪಕ್ಷರದಲ್ಲಿ 108 ಮತ್ತು ಮೂರು ಫೋನ್ ನಂಬರು. ನನ್ನ ಕಡೆ, ಪಾಸ್‌ಪೋರ್ಟಿನ ಸ್ಟ್ಯಾಂಪು ಯಾವಾಗಲೂ ಚಾಲ್ತಿಯಲ್ಲಿರಬೇಕು, ಕ್ರೆಡಿಟ್ ಕಾರ್ಡಿನಲ್ಲಿ ಒಂದು ಟಿಕೆಟ್ಟಿನಷ್ಟು ಮಿತಿ ಯಾವಾಗಲೂ ಖಾಲಿ ಇರಬೇಕು.

ಅಪ್ಪ ಮೇ ತಿಂಗಳಲ್ಲಿ ಬಂದ್ರು. ವಿಮಾನದಲ್ಲಿ ಒಂದು ಸಿನಿಮಾನೂ ನೋಡಲಿಲ್ಲವಂತೆ, ಪರದೆ ಮೇಲಿನ ನಕ್ಷೆಯನ್ನೇ ನೋಡಿಕೊಂಡು ಬಂದಿದ್ರು. ಡೈರಿಯಲ್ಲಿ ಹೊರಟ ಹೊತ್ತು, ತಲುಪಿದ ಹೊತ್ತು, ಗ್ರೀನ್‌ಲ್ಯಾಂಡ್ ದಾಟಿದ ಹೊತ್ತು ಎಲ್ಲಾ ಇತ್ತು. ‘ಗ್ರೀನು ಅಂತ ಹೆಸರಿಟ್ಟವ್ರೆ, ಬರೀ ಬಿಳಿ’ ಅನ್ನೋದು ಅವರ ಷರಾ. ಮೂರು ತಿಂಗಳು ಸನ್ನಿವೇಲ್‌ನ ಬೀದಿಗಳಲ್ಲಿ ಮೊಮ್ಮಗನ ಜೊತೆ ನಡೆದಾಡಿದ್ರು, ಎಲ್ ಕಮಿನೊ ರಸ್ತೆಯ ಬಸ್ಸುಗಳಲ್ಲಿ ಡ್ರೈವರ್ ಹಿಂದಿನ ಸೀಟಲ್ಲೇ ಕೂತು ಓಡಾಡಿದ್ರು. ಆಗಸ್ಟ್‌ನಲ್ಲಿ ವಾಪಸ್ ಹೋದ್ರು. ಇಲ್ಲೇ ಇರಿ ಅಂತ ಕೇಳಿದ್ದೆ. ಬೇಡ ಅಂದ್ರು, ಕಾರಣ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ನವೆಂಬರ್‌ನ ಒಂದು ಮಧ್ಯಾಹ್ನ, ಇಲ್ಲಿಯ 2 ಗಂಟೆ 40 ನಿಮಿಷಕ್ಕೆ, ಚಿಕ್ಕಪ್ಪನ ಮಗನ ಫೋನ್ ಬಂತು. ಹಾಸನದಲ್ಲಿ ಬೆಳಗಿನ ಜಾವ 4 ಗಂಟೆ 10 ನಿಮಿಷ. ಮೂರೂವರೆಗೆ ಅಪ್ಪನಿಗೆ ಎದೆನೋವು. ಎದುರುಮನೆಯವರಿಗೆ ಅವರೇ ಫೋನ್ ಮಾಡಿದ್ರು, ಎದ್ದು ಚಿಲಕ ತೆಗೆಯಲು ಆಗಲಿಲ್ಲ. ಬೀಗದ ಕೈ ಇದ್ದಿದ್ದರಿಂದ ಹಿಂಬಾಗಿಲಿನಿಂದ ಒಳಗೆ ಹೋದರು. ಕೆಂಪು ಫೈಲು ಕೈಗೆ ಬಂತು. ನಲವತ್ತು ನಿಮಿಷದಲ್ಲಿ ಆಸ್ಪತ್ರೆ. ಯಾವ ಮಾತ್ರೆ ತಗೋತಾರೆ ಅಂತ ಡಾಕ್ಟರ್ ಕೇಳಿದಾಗ ಯಾರೂ ತಡವರಿಸಲಿಲ್ಲ. ಬೆಳಗಾಗುವುದರೊಳಗೆ ಸ್ಟೆಂಟ್ ಹಾಕಿ ಆಗಿತ್ತು. ಆ ಸುದ್ದಿ ಬರುವಾಗ ನಾನು ಇನ್ನೂ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ಸೆಕ್ಯೂರಿಟಿ ಸಾಲಿನಲ್ಲಿದ್ದೆ, ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು.

ಮಾರನೆಯ ದಿನ ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ವಾರ್ಡಿನ ಬಾಗಿಲಲ್ಲಿ ನಿಂತೆ. ಅಪ್ಪ ಒರಗಿ ಕೂತು ಗಂಜಿ ಕುಡಿಯುತ್ತಿದ್ರು. ಗೋಡೆ ಗಡಿಯಾರ ನೋಡಿ, ಬೆರಳು ಮಡಿಸಿ ಎಣಿಸಿದ್ರು.

“ಮೂವತ್ನಾಲ್ಕೂವರೆ. ಒಂದೂವರೆ ಗಂಟೆ ಬಿಫೋರ್ ಟೈಮ್. ಡಿಪೋದಲ್ಲಾಗಿದ್ರೆ ಮೆಮೊ ಕೊಡೋರು ನಿಂಗೆ.”

ಆಗ ಅತ್ತಿದ್ದು ನಾನು, ಅವರಲ್ಲ.

ಅಪ್ಪ ಈಗ ಚೆನ್ನಾಗಿದ್ದಾರೆ. ಬೆಳಿಗ್ಗೆ ಎರಡು ಕಿ.ಮೀ. ನಡೆಯುತ್ತಾರೆ. ಕೆಂಪು ಫೈಲಿಗೆ ಹೊಸ ಮಾತ್ರೆಗಳ ಪಟ್ಟಿ ಸೇರಿದೆ.

ದುಬೈಯಲ್ಲೋ ಡಬ್ಲಿನ್‌ನಲ್ಲೋ, ಅಷ್ಟೇಕೆ, ಶಿವಮೊಗ್ಗದಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಗುರುಗ್ರಾಮದಲ್ಲೋ ಇದ್ದು ಇದನ್ನು ಓದುತ್ತಿದ್ದರೆ ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಕಿಲೋಮೀಟರ್ ಬೇಡ, ಅದು ಫೋನಲ್ಲಿದೆ. ನಿಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಎಷ್ಟು ಗಂಟೆ ಅಂತ ಪ್ರಾಮಾಣಿಕವಾಗಿ ಬರೆಯಿರಿ. ಟ್ಯಾಕ್ಸಿ, ಸಾಲು, ಕಾಯುವುದು ಎಲ್ಲಾ ಸೇರಿಸಿ. ಬಂದ ಸಂಖ್ಯೆಯನ್ನು ಅವರಿಗೂ ಹೇಳಿ, ಹೆದರಬೇಡಿ. ನಮಗಿಂತ ಚೆನ್ನಾಗಿ ಅವರಿಗೆ ಲೆಕ್ಕ ಬರುತ್ತೆ. ಆಮೇಲೆ ಆ ಹೊತ್ತಿನಲ್ಲಿ ಅವರ ಹತ್ತಿರ ಯಾರು ಹೋಗುತ್ತಾರೆ ಅಂತ ಹೆಸರು ಬರೆಯಿರಿ, ಆ ಹೆಸರಿನವರಿಗೆ ಈ ಭಾನುವಾರವೇ ಒಂದು ಫೋನ್ ಮಾಡಿ. ಬೀಗದ ಕೈ ಕೊಡಿಸಿ.